ಶುಕ್ರವಾರದ ಅರ್ಧ ಗಂಟೆ

ಮನೆಯ ಪೂಜೆ ಮುಗಿಸಿ ಗುಂಡಣ್ಣನವರು ಷೆಡ್ಡಿಗೆ ಬರುವ ಹೊತ್ತಿಗೆ ಹೊಲಿಗೆ ಯಂತ್ರಗಳು ಆಗಲೇ ಸದ್ದು ಮಾಡುತ್ತಿದ್ದವು. ದೇವರ ಪಟಕ್ಕೆ ಕೈ ಮುಗಿದು, ಮೂಲೆಯಲ್ಲಿದ್ದ ಮರದ ಸ್ಟೂಲಿನ ಕಡೆ ನೋಡಿದರು. ಅಂದು ಶುಕ್ರವಾರ. ಸ್ಟೂಲಿನ ಮೇಲೆ ಎಂದಿನಂತೆ ಒಂದು ಮೊಳ ಕನಕಾಂಬರ ಇತ್ತು. ಕಾವಲುಗಾರ ದೇವೀರಪ್ಪ ಇಡುತ್ತಾನೆಂದು ಅವರು ತಿಳಿದಿದ್ದರು.

ತರೀಕೆರೆಯ ಲಕ್ಕವಳ್ಳಿ ರಸ್ತೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಈ ಕಾರ್ಖಾನೆಯನ್ನು ಅವರೂ ಅವರ ಹೆಂಡತಿ ಶಾರದಾಂಬಾ ಅವರೂ ಸೇರಿ ಕಟ್ಟಿದ್ದರು. ಪ್ರತಿ ಶುಕ್ರವಾರ ಅರ್ಧ ಗಂಟೆ ಯಂತ್ರಗಳು ನಿಲ್ಲುತ್ತಿದ್ದವು. ಪೂಜೆ ಮುಗಿಸಿ ಶಾರದಾಂಬಾ ಆ ಸ್ಟೂಲಿನ ಮೇಲೆ ಕೂತು, ಒಬ್ಬೊಬ್ಬರಿಗೂ ಕುಂಕುಮ ಕೊಟ್ಟು ಕೋಸಂಬರಿ ಹಂಚುತ್ತಿದ್ದರು. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲ. ಆ ನೇಮವನ್ನು ಗುಂಡಣ್ಣನವರು ಷೆಡ್ಡಿಗೂ ತಂದು ಶುಕ್ರವಾರದ ಪೂಜೆ ನಿಲ್ಲಿಸಿದರು.

ಆಮೇಲೆ ಒಳ್ಳೆಯ ಕೆಲಸಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಈಗ ಕಾಲರ್ ಹೊಲಿಯುವ ತ್ರಿವೇಣಿಯೂ ನಾಳೆಯಿಂದ ಬರುವುದಿಲ್ಲ ಎಂದಿದ್ದಳು. ಶಾಲೆ ತೆರೆಯಲು ತಿಂಗಳೂ ಉಳಿದಿಲ್ಲ. ಅವಳ ಹಿಂದೆ ಇನ್ನಿಬ್ಬರು ಹೊರಟರೆ ಬಾಗಿಲನ್ನೇ ಮುಚ್ಚಬೇಕು.

“ಸಂಬಳ ಜಾಸ್ತಿ ಮಾಡಿದ್ದಾಯ್ತು ದೊಡ್ಡಪ್ಪ,” ಎಂದ ತಮ್ಮನ ಮಗ ಚಿನ್ಮಯ. ಅವನೇ ಮ್ಯಾನೇಜರ್. “ಕಡೂರಿನ ಗಾರ್ಮೆಂಟ್ಸ್‌ನೋರು ವ್ಯಾನ್ ಕಳಿಸ್ತಾರಂತೆ. ನಾವು ಪಲ್ಲಕ್ಕಿ ಕಳಿಸ್ಬೇಕೇನೋ.”

“ಅವಳನ್ನ ಕರಿ. ನಾನೇ ಕೇಳ್ತೀನಿ.”

ತ್ರಿವೇಣಿ ಸೆರಗಿನ ಮೇಲಿದ್ದ ದಾರದ ಚೂರು ಕೊಡವುತ್ತಾ ಬಂದು ನಿಂತಳು.

“ನಮ್ಮಿಂದ ಏನು ತಪ್ಪಾಯ್ತಮ್ಮಾ?”

“ತಪ್ಪೇನಿಲ್ಲ ಯಜಮಾನ್ರೇ. ಮುಂಚೆ ಎಂಟೂವರೆಗೆ ಶುರುವಾಗೋದು. ಈಗ ಎಂಟಕ್ಕೇ ಗೇಟು ಹಾಕ್ತಾರೆ. ಅಜ್ಜಂಪುರದ ಬಸ್ಸು ಬರೋದೇ ಎಂಟೂಕಾಲಿಗೆ. ದಿನಾ ಬೈಸ್ಕೊಂಡೇ ಒಳಗೆ ಬರ್ಬೇಕು.”

“ಎಲ್ರಿಗೂ ಒಂದೇ ರೂಲ್ಸು,” ಎಂದ ಚಿನ್ಮಯ. “ಒಬ್ರಿಗೆ ಬಿಟ್ರೆ ನಾಳೆ ಹತ್ತು ಜನ ತಡ ಮಾಡ್ತಾರೆ. ಆರ್ಡರ್ ಮುಗ್ಸೋದು ಹೆಂಗೆ?”

“ನಿಮ್ ಕಷ್ಟ ನಿಮ್ಗೆ ಸಾರ್. ಆದ್ರೆ ಬಸ್ಸಿಗೆ ನಿಮ್ ರೂಲ್ಸ್ ಗೊತ್ತಿಲ್ವಲ್ಲ.”

ಗುಂಡಣ್ಣನವರಿಗೆ ನೋವಾಯಿತು. “ಇಷ್ಟೇ ವಿಷಯ ನನಗೆ ಯಾಕಮ್ಮ ಹೇಳ್ಲಿಲ್ಲ?”

ಅವಳು ನೆಲ ನೋಡಿದಳು. “ಕುಂಕುಮ ತಗೊಳ್ವಾಗ ಅಮ್ಮಾವ್ರ ಕಿವೀಲಿ ಹೇಳ್ತಿದ್ವಿ. ಬಸ್ಸಿಂದು, ಮಿಷಿನ್ನಿಂದು, ಮನೇದು, ಎಲ್ಲ. ಏನೋ ಒಂದು ದಾರಿ ಆಗೋದು. ಈಗ ನೀವು ದುಃಖದಲ್ಲಿದ್ದೀರಿ. ಸಾವಾದ ಮನೆ ಬಾಗಿಲಿಗೆ ನಮ್ಮ ಬಸ್ಸಿನ ಗೋಳು ಹೊತ್ಕೊಂಡು ಬರೋದಾ? ಹೋದೋರೂ ಹಂಗೇ ಅಂದ್ಕೊಂಡು ಸುಮ್ನೆ ಹೋದ್ರು.”

“ಹಾಗಾದ್ರೆ ಸ್ಟೂಲಿನ ಮೇಲಿನ ಆ ಹೂವು, ದೇವೀರಪ್ಪ ಇಡೋದಲ್ವಾ?”

“ನಾನೇ ತರೋದು. ನಮ್ಮ ಹಿತ್ತಲಲ್ಲಿ ಬಿಡುತ್ತೆ. ಅಮ್ಮಾವ್ರಿಗೆ ಇಷ್ಟ ಅಲ್ವಾ.”

ಗುಂಡಣ್ಣನವರು ದೇವರ ಪಟದ ಕಡೆ ತಿರುಗಿದರು. ತಮ್ಮ ದುಃಖವನ್ನು ತಾವೊಬ್ಬರೇ ಹೊತ್ತಿದ್ದೇವೆಂದು ಅವರು ನಂಬಿದ್ದರು. ಇಷ್ಟೂ ಜನ ಬಾಯಿ ಬಿಡದೆ ಅದಕ್ಕೆ ಹೆಗಲು ಕೊಟ್ಟಿದ್ದರು. ಇಂಥವರ ನಡುವೆ ನನ್ನನ್ನು ಇಟ್ಟಿದ್ದೀಯಲ್ಲ ತಂದೆ, ಎಂದು ಮನಸ್ಸಿನಲ್ಲೇ ದೇವರಿಗೆ ಅಡ್ಡಬಿದ್ದರು.

“ಚಿನ್ಮಯ, ಮಿಷಿನ್ ನಿಲ್ಸೋಕೆ ಹೇಳು.”

“ದೊಡ್ಡಪ್ಪ, ವರ್ಷ ಇನ್ನೂ ತುಂಬಿಲ್ಲ.”

“ನೇಮ ಮನೇಲಿರ್ಲಿ. ಇಲ್ಲಿ ದೀಪ ತ್ರಿವೇಣಿ ಹಚ್ಚಲಿ.”

ಕೋಸಂಬರಿಗೆ ಬೇಳೆ ನೆನೆಸಿರಲಿಲ್ಲ. ದೇವೀರಪ್ಪ ಓಡಿಹೋಗಿ ತೆಂಗಿನಕಾಯಿ, ಬೆಲ್ಲ ತಂದ. ತ್ರಿವೇಣಿ ಎಲ್ಲರಿಗೂ ಕುಂಕುಮ ಕೊಟ್ಟಳು. ಗುಂಡಣ್ಣನವರು ಕನಕಾಂಬರವನ್ನು ದೇವರ ಪಟಕ್ಕೆ ಏರಿಸಿ, ಸ್ಟೂಲಿನ ಮೇಲೆ ಕೂತು, ಕಾಯಿಬೆಲ್ಲ ಹಂಚತೊಡಗಿದರು. ಗುಂಡಿ ಹಾಕುವ ಮೀನಾಕ್ಷಮ್ಮ ಹಳೆಯ ಅಭ್ಯಾಸದಂತೆ ಕಿವಿಯ ಹತ್ತಿರ ಬಾಗಿದವಳು, ನಾಚಿ ಹಿಂದೆ ಸರಿದಳು.

“ಹೇಳಮ್ಮ. ನನ್ನ ಕಿವಿ ಮಂದ, ಸ್ವಲ್ಪ ಜೋರಾಗೇ ಹೇಳು.”

“ಜೋರಾಗಿ ಹೇಳಿದ್ರೆ ಮ್ಯಾನೇಜರ್‌ಗೂ ಕೇಳುತ್ತೆ ಕಣ್ರೀ.”

“ಕೇಳ್ಲಿ ಅಂತಲೇ.”

ಎಷ್ಟೋ ತಿಂಗಳ ಮೇಲೆ ಆ ಷೆಡ್ಡಿನಲ್ಲಿ ಎಲ್ಲರೂ ನಕ್ಕರು. ಚಿನ್ಮಯನೂ ನಕ್ಕ.

ಕೊನೆಗೆ ತ್ರಿವೇಣಿ ಕೈ ಚಾಚಿದಳು. “ಕಡೂರಿನೋರಿಗೆ ಮಾತು ಕೊಟ್ಟಿದ್ರೆ ಹೋಗಿ ಬಾ ತಾಯಿ,” ಎಂದರು ಗುಂಡಣ್ಣನವರು. “ಇಷ್ಟು ದಿನ ನೀನು ಇಲ್ಲಿದ್ದದ್ದೇ ನಮ್ಮ ಪುಣ್ಯ.” ಅವಳು ಕಾಯಿಬೆಲ್ಲ ಕಣ್ಣಿಗೊತ್ತಿಕೊಂಡು ತನ್ನ ಯಂತ್ರದ ಕಡೆ ಹೋದಳು.

ಮರುದಿನ ಗುಂಡಣ್ಣನವರು ಬೇಗನೆ ಬಂದರು. ಎಂಟು ದಾಟಿದರೂ ಗೇಟು ತೆರೆದೇ ಇತ್ತು. ಚಿನ್ಮಯ ಅಲ್ಲೇ ನಿಂತು ರಸ್ತೆ ನೋಡುತ್ತಿದ್ದ. ಅಜ್ಜಂಪುರದ ಬಸ್ಸು ಬಂದು ನಿಂತಿತು. ತ್ರಿವೇಣಿ ಇಳಿದಳು.

“ಏನ್ ಸಾರ್, ಇನ್ನೂ ಗೇಟು ಹಾಕಿಲ್ಲ?”

“ಬಸ್ಸಿಗೆ ನಮ್ಮ ರೂಲ್ಸ್ ಗೊತ್ತಿಲ್ವಲ್ಲ,” ಎಂದ ಚಿನ್ಮಯ.

ಒಳಗೆ ಕಾಲರ್ ಯಂತ್ರದ ಸದ್ದು ಶುರುವಾಗುವವರೆಗೂ ಗುಂಡಣ್ಣನವರು ದೇವರ ಪಟದ ಮುಂದೆ ಕೈ ಮುಗಿದೇ ನಿಂತಿದ್ದರು.