ಗುಂಡುಸೂಜಿ ಅಕ್ಕ ಓಟಿಗೆ ನಿಂತಾಗ

ತುಟಿಗಳ ನಡುವೆ ಮೂರು ಗುಂಡುಸೂಜಿ ಕಚ್ಚಿಕೊಂಡು, ಬಾಯಿಯ ಎಡಮೂಲೆಯಿಂದ ಮಾತನ್ನು ಹೊರಗೆ ಕಳಿಸುವ ಕಲೆ ಅವಳಿಗೆ ಹದಿನೈದನೇ ವಯಸ್ಸಿಗೇ ಸಿದ್ಧಿಸಿತ್ತು. ಆಮೇಲಿನ ನಲವತ್ತನಾಲ್ಕು ವರ್ಷಗಳಲ್ಲಿ, ಊಟ ಮತ್ತು ನಿದ್ದೆಯ ಹೊತ್ತನ್ನು ಬಿಟ್ಟರೆ, ಆ ಸೂಜಿಗಳು ಜಾಗ ಖಾಲಿ ಮಾಡಿದ್ದನ್ನು ಕಂಡವರಿಲ್ಲ. ಮಾತು ಉದ್ದವಾದರೆ ತುಟಿ ಚುಚ್ಚಿಕೊಳ್ಳುವ ಭಯವಿದ್ದುದರಿಂದ ಅವಳ ಬಾಯಿಂದ ಬರುವುದೆಲ್ಲ ಅಳೆದು ಕತ್ತರಿಸಿದಂತೆ ಬರುತ್ತಿತ್ತು. ಹನ್ನೊಂದನೇ ವಾರ್ಡಿನಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಗಂಡನಿಗೆ, ಮತದಾರರ ಪಟ್ಟಿಗೆ, ಒಂದಿಬ್ಬರು ಬಾಲ್ಯದ ಗೆಳತಿಯರಿಗೆ. ಉಳಿದವರಿಗೆಲ್ಲ ಅವಳು ಗುಂಡುಸೂಜಿ ಅಕ್ಕ.

ಹುಟ್ಟಿದ್ದು ಅದೇ ವಾರ್ಡಿನ ಒಂದು ಬೀದಿಯಲ್ಲಿ. ಮದುವೆಯಾಗಿ ಹೋದದ್ದು ನಾಲ್ಕು ಮನೆ ಆಚೆಗೆ. ತವರಿನ ಒಗ್ಗರಣೆ ಸೀದರೆ ಅತ್ತೆಮನೆಯಲ್ಲಿ ಕೆಮ್ಮು ಬರುವಷ್ಟು ದೂರ. ಮನೆಯ ಮೆಟ್ಟಿಲ ಕೆಳಗಿನ, ತಲೆ ಎತ್ತಿದರೆ ಹಣೆಗೆ ಬಡಿಯುವ ಸಂದಿಯೇ ಅವಳ ಅಂಗಡಿ. ತುಳಿಯುವ ಮೆಷಿನ್ನಿನ ಮುಂದೆ ಆಯುಸ್ಸು ಸವೆಸಿದ್ದರಿಂದ ಬಲಗಾಲು ಸುಮ್ಮನಿರುವುದನ್ನು ಮರೆತೇಬಿಟ್ಟಿತ್ತು. ಸಾಲಿನಲ್ಲಿ ನಿಂತರೂ ಅದು ಕಾಣದ ಪೆಡಲೊಂದನ್ನು ತುಳಿಯುತ್ತಲೇ ಇರುತ್ತಿತ್ತು. ಮೈಮೇಲೆ ಸದಾ ಒಂದು ನೀಲಿ ಕೋಟು. ಯಾರೋ ಹೊಲಿಯಲು ಕೊಟ್ಟು ವಾಪಸು ಬಾರದೆ ಹೋದ ಗಂಡಸಿನ ಕೋಟನ್ನು ಆರು ವರ್ಷ ಕಾದು, ಏಳನೇ ವರ್ಷ ತನ್ನ ಅಳತೆಗೆ ಕತ್ತರಿಸಿ, ಹೊರಗೆ ಎರಡಿದ್ದ ಜೇಬಿಗೆ ಒಳಗೆ ಐದು ಸೇರಿಸಿ ತೊಟ್ಟುಕೊಂಡದ್ದು ಅದು. ಗಂಡಸರ ಬಟ್ಟೆಗೇ ಯಾಕೆ ಅಷ್ಟೊಂದು ಜೇಬು ಎಂಬ ಪ್ರಶ್ನೆಗೆ ಅವಳು ಹುಡುಕಿಕೊಂಡ ಉತ್ತರ.

ಅಳತೆಪುಸ್ತಕದಲ್ಲೂ ಅವಳದೊಂದು ಹಟವಿತ್ತು. ಹೆಂಗಸರ ಅಳತೆಗಳು ಅವರವರ ಹೆಸರಿನಲ್ಲಿ. ಗಂಡಸರದ್ದು ಹೆಂಡತಿಯ ಹೆಸರಿನ ಕೆಳಗೆ, ‘ಗಂಡ’ ಎಂದಷ್ಟೇ. ವಾರ್ಡಿನ ಎರಡು ಅವಧಿಯ ಸದಸ್ಯನಾದ ಜಲ್ಲಿ ಕಂಟ್ರಾಕ್ಟರನೂ ಅಲ್ಲಿ ಬರೀ ‘ಗಂಡ’ನೇ. ಒಮ್ಮೆ ಆತ ಇಣುಕಿ ನೋಡಿ, “ಇದೇನಕ್ಕಾ, ನನ್ನ ಹೆಸರೇ ಇಲ್ವಲ್ಲ?” ಎಂದು ಕೇಳಿದ.

“ಮತದಾರರ ಪಟ್ಟೀಲಿ ಅವಳು ನಿನ್ನ ಹೆಂಡತಿ ತಾನೆ? ಇಲ್ಲಿ ನೀನು ಅವಳ ಗಂಡ. ಕೈ ಎತ್ತು, ತೋಳು ನೋಡ್ಬೇಕು” ಎಂದಳು ಅಕ್ಕ.

ಇಂಥವಳು ನಗರಸಭೆಯ ಚುನಾವಣೆಗೆ ನಿಂತದ್ದು ಒಂದು ಬೀಗದ ದೆಸೆಯಿಂದ. ಬೀದಿಯ ತುದಿಯ ತರಕಾರಿ ಮಾರುಕಟ್ಟೆಯಲ್ಲಿ ಶೌಚಾಲಯ ಕಟ್ಟಿ ಮೂರು ವರ್ಷವಾಗಿತ್ತು. ಗಂಡಸರ ಬಾಗಿಲು ಮೊದಲ ದಿನವೇ ತೆರೆಯಿತು. ಹೆಂಗಸರದ್ದಕ್ಕೆ ಕಂಟ್ರಾಕ್ಟರ್ ಬೀಗ ಜಡಿದು ಒಳಗೆ ತನ್ನ ಬಣ್ಣದ ಡಬ್ಬಗಳನ್ನು ಜೋಡಿಸಿದ್ದ. ಕೇಳಿದರೆ “ಉದ್ಘಾಟನೆ ಆಗ್ಬೇಕಲ್ಲಮ್ಮ” ಎನ್ನುತ್ತಿದ್ದ. ಹೀಗಾಗಿ ಮಾರುಕಟ್ಟೆಯ ಹೆಂಗಸರಿಗೆಲ್ಲ ಅಕ್ಕನ ಮನೆಯ ಹಿತ್ತಲಿನ ಪಾಯಿಖಾನೆಯೇ ಗತಿ. ಅದನ್ನು ದಿನಕ್ಕೆರಡು ಸಲ ತಿಕ್ಕಿ ತೊಳೆಯುತ್ತಿದ್ದವಳು, ಗಂಡ ಸತ್ತಮೇಲೆ ಅಣ್ಣನ ಮನೆ ಸೇರಿದ್ದ ಅಕ್ಕನ ನಾದಿನಿ. ಅವಳಿಗೆ ತೊಂದರೆ ಕೊಡಬಾರದೆಂದು ಹಲವರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೊಪ್ಪು ಮಾರುವವಳು ತಕ್ಕಡಿ ಹಿಡಿದಂತೆಯೇ ಬಿದ್ದಳು. ಬುಟ್ಟಿಯ ಸೊಪ್ಪಿಗೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದ ಕೈ ಅದು. ತನ್ನ ಬಾಯಿಗೆ ಒಂದು ಗುಟುಕು ಹಾಕಿಕೊಂಡಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಮರುದಿನ ಅಕ್ಕ ಮೆಷಿನ್ನಿಗೆ ಬಟ್ಟೆ ಹೊದಿಸಿ ನಾಮಪತ್ರ ತರಲು ಹೊರಟಳು.

“ಏನೇ, ನಿಂಗ್ಯಾಕೆ ಊರ ಉಸಾಬರಿ?” ಎಂದು ಗಂಡ ಕೇಳಿದ.

“ಉಸಾಬರಿ ದಿನಾ ಹಿತ್ತಲಿಗೇ ಬರ್ತಿದೆಯಲ್ರೀ. ತೊಳೆಯೋದು ನಿಮ್ಮ ತಂಗಿ, ನೀವಲ್ಲ” ಎಂದಳು.

ಕಚೇರಿಯ ಗುಮಾಸ್ತ ಉದ್ಯೋಗದ ಜಾಗದಲ್ಲಿ ಕೇಳದೆಯೇ ‘ಗೃಹಿಣಿ’ ಎಂದು ಬರೆದ. ಅಕ್ಕ ಅವನ ಷರ್ಟಿನ ಕಾಲರನ್ನು ದಿಟ್ಟಿಸಿ, “ಇದನ್ನ ತಿರುಗಿಸಿ ಹೊಲಿದಿದ್ದು ಯಾರು?” ಎಂದಳು. ಅವನು ನಾಲಿಗೆ ಕಚ್ಚಿಕೊಂಡು ‘ದರ್ಜಿ’ ಎಂದು ತಿದ್ದಿದ.

ಮೊದಲ ಸಭೆ ಮಾರುಕಟ್ಟೆಯ ಮೂಲೆಯಲ್ಲಿ. ಗಂಡನ ಒತ್ತಾಯಕ್ಕೆ ಸೂಜಿಗಳನ್ನು ಕಾಲರಿಗೆ ಸಿಕ್ಕಿಸಿ ಮೈಕಿನ ಮುಂದೆ ನಿಂತವಳಿಗೆ ತುಟಿಗಳು ತನ್ನವೇ ಅಲ್ಲ ಅನ್ನಿಸಿತು. ಬಲಗಾಲು ಪೆಡಲು ತುಳಿಯಿತು, ಬಾಯಿ ತೆರೆಯಿತು, ಮಾತು ಮಾತ್ರ ಬರಲಿಲ್ಲ. ಆಗ ಮುಂದಿನ ಸಾಲಿನಿಂದ ಸೊಪ್ಪಿನವಳು ಕೂಗಿದಳು: “ಅಕ್ಕಾ, ಪಿನ್ ಕಚ್ಕೊಂಡೇ ಮಾತಾಡು! ನಮಗೆ ಅರ್ಥ ಆಗುತ್ತೆ!” ಸಭೆಯೇ ನಕ್ಕಿತು. ಅಕ್ಕ ಮೂರು ಸೂಜಿ ಕಚ್ಚಿಕೊಂಡಳು. “ಇವರು ದಿನವಿಡೀ ನೀರು ಕುಡಿಯಲ್ಲ. ಯಾಕೆ ಅಂತ ನಿಮಗೆಲ್ಲ ಗೊತ್ತು. ಆ ಬಾಗಿಲು ತೆಗೆಸ್ತೀನಿ. ಬೇರೆ ಹೇಳೋಕೆ ನಂಗೆ ಬರಲ್ಲ” ಎಂದು ಇಳಿದುಬಿಟ್ಟಳು. ಆ ವಾರ್ಡು ಕೇಳಿದ ಅತಿ ಚಿಕ್ಕ ಭಾಷಣ ಅದು.

ಮತದಾನದ ದಿನಕ್ಕೆಂದು ಅವಳು ಕತ್ತರಿಸುವ ಮೇಜಿನ ಮೇಲೆ ಕಂದು ಕಾಗದ ಹಾಸಿ, ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಇಡೀ ವಾರ್ಡನ್ನು ಬರೆದಳು. ಹಾಲಿನವಳು ಏಳಕ್ಕೆ, ಶಾಲೆಯ ಮೇಡಂಗಳು ಎಂಟಕ್ಕೆ, ಮಾರುಕಟ್ಟೆಯವರು ವ್ಯಾಪಾರ ತಣ್ಣಗಾಗುವ ಎರಡಕ್ಕೆ, ಮಂಡಿನೋವಿನವರು ಬಿಸಿಲಿಳಿದ ಮೇಲೆ. ಯಾರನ್ನು ಯಾರು ಕೈಹಿಡಿದು ಕರೆದೊಯ್ಯಬೇಕೆಂಬುದೂ ಅದರಲ್ಲಿತ್ತು. ಬಂದುಹೋಗುವ ಅರವತ್ತು ಕಾರ್ಯಕರ್ತರ ಊಟಕ್ಕೆ ಹಿತ್ತಲಲ್ಲಿ ಒಲೆ ಹೂಡಿದ್ದಾಯಿತು. ನಾದಿನಿಯ ಮುಂದಾಳತ್ವದಲ್ಲಿ ಬೀದಿಯ ಹನ್ನೊಂದು ಹೆಂಗಸರು ಬೆಳಗಿನ ಐದಕ್ಕೇ ಸೊಂಟ ಕಟ್ಟಿ ನಿಂತರು. ಹಗಲಿಡೀ ಅಕ್ಕ ಮತಗಟ್ಟೆಗೂ ಬೀದಿಗೂ ತಿರುಗುತ್ತ ಒಂದೊಂದೇ ಗೀಟು ಎಳೆದಳು. ಒಂದು ಮನೆಯೂ ಉಳಿಯಲಿಲ್ಲ.

ಸಂಜೆ ಮತಗಟ್ಟೆ ಮುಚ್ಚಿದ ಮೇಲೆ ಅವಳು ಬಂದು ಮೆಟ್ಟಿಲ ಮೇಲೆ ಕುಸಿದಳು. ನಾದಿನಿ ಚಹಾ ತಂದುಕೊಟ್ಟಳು. ಲೋಟ ಹಿಡಿದ ಕೈ ಪಾತ್ರೆ ತಿಕ್ಕಿ ತಿಕ್ಕಿ ಸುಕ್ಕುಗಟ್ಟಿತ್ತು, ಉಗುರಿನ ಸಂದಿಯಲ್ಲಿ ಮಸಿ ಇತ್ತು. ಬೆರಳಿಗೆ ಶಾಯಿಯ ಗುರುತು ಇರಲಿಲ್ಲ.

“ಓಟು?” ಎಂದಳು ಅಕ್ಕ.

“ಹೋಗೋಣ ಹೋಗೋಣ ಅಂತಾನೇ ಇದ್ವಿ ಅತ್ತಿಗೆ. ಒಂದು ಗುಂಪಿನ ಊಟ ಮುಗಿಯೋಷ್ಟರಲ್ಲಿ ಇನ್ನೊಂದು ಬರ್ತಿತ್ತು. ಆಮೇಲೆ ಪಾತ್ರೆ. ನಮ್ಮ ಹೊತ್ತು ಬಂದಾಗ ನೀವೇ ಕರೀತೀರಾ ಅಂದ್ಕೊಂಡ್ವಿ.”

ಅಕ್ಕ ಎದ್ದು ಕಂದು ಕಾಗದವನ್ನು ಮೂಲೆಯಿಂದ ಮೂಲೆಗೆ ಓದಿದಳು. ಇಡೀ ವಾರ್ಡು ಇತ್ತು, ಅವಳ ಅಡುಗೆಮನೆ ಇರಲಿಲ್ಲ. ದೀಪದ ಬುಡ ಕತ್ತಲು ಎಂಬ ಗಾದೆಯನ್ನು ಊರಿಗೆಲ್ಲ ಹೇಳಿ ನಕ್ಕವಳು ಅಂದು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟಳು. ಸೋಪಿನ ವಾಸನೆಯ ಆ ಒದ್ದೆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. “ತಪ್ಪು ನಂದು ಕಣೇ” ಎಂದಷ್ಟೇ ಹೇಳಿದಳು.

ಎರಡು ದಿನದ ನಂತರ ಎಣಿಕೆಯಾಯಿತು. ಅಕ್ಕ ಒಂಬತ್ತು ಮತಗಳಿಂದ ಸೋತಿದ್ದಳು.

ಹನ್ನೊಂದು ಹೆಂಗಸರ ಕಣ್ಣೀರು ಇನ್ನೂ ಆರದಿದ್ದಾಗಲೇ, ಮೂರನೇ ಸಲವೂ ಗೆದ್ದ ಕಂಟ್ರಾಕ್ಟರ್ ಹೊಸ ಕೋಟೊಂದನ್ನು ತೋಳಿಗೆ ಹಾಕಿಕೊಂಡು ಅಂಗಡಿಗೆ ಬಂದ. “ಅಕ್ಕಾ, ಮನಸ್ಸಿಗೆ ಹಚ್ಕೋಬೇಡ. ಶುಕ್ರವಾರ ಪ್ರಮಾಣವಚನ. ಇದು ಹೊಟ್ಟೆ ಹತ್ರ ಬಿಗಿ, ಭುಜಾನೂ ಸರಿ ಕೂರ್ತಿಲ್ಲ.”

ಅಕ್ಕ ಟೇಪು ಮುಟ್ಟದೆ ಕಣ್ಣಲ್ಲೇ ಅಳೆದಳು. “ಆಗುತ್ತೆ. ಗುರುವಾರ ಆ ಬಾಗಿಲ ಕೀ. ಶುಕ್ರವಾರ ಕೋಟು.”

“ಅಯ್ಯೋ! ಊರಲ್ಲಿ ಬೇರೆ ಟೈಲರ್ ಇಲ್ವಾ?”

“ಇದಾರೆ ತಮ್ಮಾ, ಹೋಗು. ನಿನ್ನ ಎಡಭುಜ ಒಂದಿಂಚು ಕೆಳಗಿದೆ, ಇಪ್ಪತ್ತು ವರ್ಷದಿಂದ ಅಲ್ಲಿ ಹತ್ತಿ ತುಂಬಿ ಸರಿ ಮಾಡ್ತಿದೀನಿ ಅಂತ ಅವರಿಗೆ ಗೊತ್ತಿಲ್ಲ, ಅಷ್ಟೇ.”

ಆತ ಕೋಟನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಗುರುವಾರ ಬೀಗದ ಕೈ ತಂದವಳು ಅವನ ಹೆಂಡತಿ. “ನಿನ್ನೆಯಿಂದ ಮನೆಯೆಲ್ಲ ಕೆದಕ್ತಿದ್ರು ಅಕ್ಕಾ, ಸಿಗಲಿಲ್ಲ. ಮನೇಲಿ ಯಾವುದು ಎಲ್ಲಿರುತ್ತೆ ಅಂತ ಅವರಿಗೆ ಗೊತ್ತಿದ್ದದ್ದು ಯಾವಾಗ? ಮೂರು ವರ್ಷದಿಂದ ಸಾಸಿವೆ ಡಬ್ಬದ ಹಿಂದೇನೇ ಇತ್ತು” ಎಂದಳು. ಕೈ ಚಾಚಿದಾಗ ಬೆರಳ ಮೇಲೆ ಶಾಯಿಯ ಗುರುತು ಕಾಣಿಸಿತು. ಆ ಮತ ಯಾರಿಗೆ ಬಿತ್ತೆಂದು ಅಕ್ಕ ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಬಣ್ಣದ ಡಬ್ಬಗಳನ್ನು ಹೊರಗೆ ಸಾಗಿಸಿದ್ದು ಅಕ್ಕನ ಗಂಡ. ನೆಲ ತೊಳೆಯಲು ನಾದಿನಿ ಎದ್ದಾಗ ಅಕ್ಕ ಅವಳ ಭುಜ ಒತ್ತಿ ಕೂರಿಸಿ, ಪೊರಕೆಯನ್ನು ಗಂಡನ ಕೈಗೇ ಕೊಟ್ಟಳು. ಸೊಪ್ಪಿನವಳು ಬಾಗಿಲಲ್ಲಿ ನಿಂತು ಒಂದು ಚೊಂಬು ನೀರನ್ನು ಎಲ್ಲರೆದುರಿಗೆ ಗಟಗಟನೆ ಕುಡಿದು, ಚೊಂಬನ್ನು ಬೋರಲು ಹಾಕಿ ತೋರಿಸಿದಳು. ಬೇರೆ ಉದ್ಘಾಟನೆ ನಡೆಯಲಿಲ್ಲ. ಶುಕ್ರವಾರದ ಹೊತ್ತಿಗೆ ಕೋಟು ಸಿದ್ಧವಿತ್ತು, ಭುಜಗಳೆರಡೂ ಸಮನಾಗಿದ್ದವು.

ಆ ಕಂದು ಕಾಗದ ಈಗಲೂ ಅಂಗಡಿಯ ಗೋಡೆಯ ಮೇಲಿದೆ. ಅದರ ನೆತ್ತಿಯಲ್ಲಿ, ಹಾಲಿನವಳಿಗಿಂತ ಮೊದಲು, ಹನ್ನೊಂದು ಹೆಸರುಗಳನ್ನು ಆಮೇಲೆ ಸೇರಿಸಿದೆ, ಮುಂದಿನ ಸಲಕ್ಕಂತೆ. ಊರೂರಿಗೂ ಇಂಥ ಹೆಂಗಸೊಬ್ಬಳು ಇರುತ್ತಾಳೆ. ಎಲ್ಲರ ಸೊಂಟ, ಭುಜ, ಸಂಕಟಗಳ ಅಳತೆ ಅವಳಿಗೆ ಬಾಯಿಪಾಠ, ತನ್ನ ಮನೆಯ ಒಳಗಿನವರ ಅಳತೆ ತೆಗೆಯುವುದನ್ನು ಮಾತ್ರ ಲೋಕ ಅವಳಿಗೂ ಕಲಿಸಿರುವುದಿಲ್ಲ. ಸೋತವರು ಸಾಮಾನ್ಯವಾಗಿ ಯಾರು ಕೈಕೊಟ್ಟರೆಂದು ಊರೆಲ್ಲ ಹುಡುಕುತ್ತಾರೆ; ಇವಳಂಥವರು ಚಹಾ ತಂದ ಕೈಯನ್ನು ಹಿಡಿದು ನೋಡುತ್ತಾರೆ, ಆಮೇಲೆ ಸೂಜಿ ಕಚ್ಚಿಕೊಂಡು, ಬಿಟ್ಟುಹೋದ ಹೊಲಿಗೆಯಿಂದಲೇ ಮತ್ತೆ ಶುರುಮಾಡುತ್ತಾರೆ.