ಖಂಡಪ್ಪನ ಕೈಗೆ ಸಿಕ್ಕ ಮೋಟಾರು

ಯಾದಗಿರಿಯ ಖಂಡಪ್ಪ ಒಮ್ಮೆ ಕೆಮ್ಮಿದರೆ ಶಹಾಪುರದ ಗುಡ್ಡ ಮಗ್ಗಲು ಬದಲಿಸುತ್ತಿತ್ತು. ಹಾಗೆಂದು ಹೇಳಿದವರು ಯಾರು? ಖಂಡಪ್ಪನೇ. ಹತ್ತಿ ಗಿರಣಿಯ ಎಂಜಿನ್ನಿಗೆ ಎಣ್ಣೆ ಬಿಡುವುದು ಅವನ ಕೆಲಸ. ವಡಗೇರಾದ ಮಾವನ ಮನೆಯಲ್ಲಿ ಮಾತ್ರ ನಿಜಾಮರ ರೈಲುಗಳನ್ನೆಲ್ಲ ತಾನೇ ಓಡಿಸುವುದಾಗಿ ಹೇಳಿಕೊಂಡಿದ್ದ. ಈ ಬಡಾಯಿ ಕೇಳಿ ಕೇಳಿ ಬೇಸತ್ತ ಹೆಂಡತಿ ಮಲ್ಲಿಕಮ್ಮ ತವರಿಗೆ ಹೋಗಿ ಕೂತಿದ್ದಳು. ಮಾವ ಮರಿಲಿಂಗಪ್ಪ ಹೇಳಿ ಕಳಿಸಿದ್ದ: “ದೋಣಿ ಮೋಟಾರ್ ರಿಪೇರಿ ಮಾಡ್ತೀನಂತ ಊರೆಲ್ಲ ಡಂಗುರ ಹೊಡ್ದಾನಲ್ಲ, ಸೋಮವಾರ ಅದರಾಗ ಹೊಳಿ ದಾಟಿ ಬರ್ಲಿ. ಬಂದ್ರ ಮಗಳನ್ನ ಕಳಸ್ತೀನಿ. ಇಲ್ಲಂದ್ರ ಆಕಿ ಮ್ಯಾಲಿನ ಆಸೆ ಬಿಡ್ಲಿ.”

ಆ ಮೋಟಾರು ದೋಣಿ ಗುತ್ತೇದಾರ ಜಲಾಲುದ್ದೀನ ಸಾಹೇಬರದು. ಯುದ್ಧ ಮುಗಿದ ಮೇಲೆ ಮೋಟಾರನ್ನು ಹೈದರಾಬಾದಿನ ಹರಾಜಿನಲ್ಲಿ ಹಿಡಿದು ದೋಣಿಯ ಹಿಂಬದಿಗೆ ಸಿಕ್ಕಿಸಿದ್ದರು. ಈಗ ಚಾಲೂ ಮಾಡಿದರೆ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟಕಟಕ ಬಡಿಯುತ್ತಿತ್ತು.

ಖಂಡಪ್ಪ ಬಿದಿರು ಕೋಲಿನ ಒಂದು ತುದಿಯನ್ನು ಮೋಟಾರಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ಧನ್ವಂತರಿಯೇ ನಾಡಿ ಹಿಡಿದಂತೆ ಕಣ್ಣು ಮುಚ್ಚಿದ. ಕೇಳಿಸಿದ್ದು ಬರೀ ಟಕಟಕ. ಅದು ಕೋಲಿಲ್ಲದೆ ದಂಡೆಯ ಎಮ್ಮೆಗಳಿಗೂ ಕೇಳಿಸುತ್ತಿತ್ತು.

“ಸಾಹೇಬ್ರ, ಇದರ ಬೆನ್ನೆಲುಬು ಮುರದದ. ಹೊಸ ಪುರ್ಜಾ ವಿಲಾಯತಿಯಿಂದ ಹಡಗಿನಾಗ ಬರಬೇಕು.”

“ಅರೇ, ಅದು ಬರೋತನ ಏನ್ ಮಾಡೋದು?” ಸಾಹೇಬರು ಕೇಳಿದರು.

“ಯಾರೂ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಸಿಡೀತದ!”

ಇಷ್ಟು ಹೇಳಿದ ಮೇಲೆ ಅವನಿಗೆ ಸೋಮವಾರದ ನೆನಪಾಯಿತು. ಬಾಯಿ ಮುಂದೆ ಓಡಿ, ಬುದ್ಧಿ ಹಿಂದೆ ಏದುಸಿರು ಬಿಡುತ್ತ ಬರುವುದು ಅವನ ಮನೆತನದ ಪದ್ಧತಿ.

ಸೋಮವಾರ ಭೀಮೆ ಸಮುದ್ರದಷ್ಟು ಅಗಲವಾಗಿದ್ದಳು. ಸರಿ, ಅರ್ಧ ಸಮುದ್ರ. ಹರಿಗೋಲುಗಳೆಲ್ಲ ದಂಡೆಯಲ್ಲಿ ಬೋರಲು ಬಿದ್ದಿದ್ದವು. ಆಚೆ ದಡದಲ್ಲಿ ಮರಿಲಿಂಗಪ್ಪ, ಪಕ್ಕದಲ್ಲಿ ಬಟ್ಟೆಗಂಟು ಹೊತ್ತ ಮಲ್ಲಿಕಮ್ಮ. ಗಂಟು ತಂದಿದ್ದಾಳೆ! ದೋಣಿಯಲ್ಲಿ ನಿಂತಿದ್ದ ಖಂಡಪ್ಪನ ಎದೆ ಮೋಟಾರಿಗಿಂತ ಜೋರಾಗಿ ಬಡಿಯಿತು. ದೋಣಿ ಓಲಾಡಿದಾಗ ಮೋಟಾರಿನ ನೆತ್ತಿಯ ಮೇಲಿನ ಗಾಲಿಗೆ ಕೈ ಊರಿದ.

ಗಾಲಿ ಅಲ್ಲಾಡಿತು. ಟಕ್.

ಇನ್ನೊಮ್ಮೆ ಅಲ್ಲಾಡಿಸಿದ. ಟಕ್. ಗಾಲಿಯನ್ನು ಹಿಡಿದಿಟ್ಟ ನಟ್ಟು ಸಡಿಲಾಗಿತ್ತು, ಅಷ್ಟೇ. ಮೋಟಾರಿನ ಮೈತುಂಬ ಕೋಲಾಡಿಸಿದ ಧನ್ವಂತರಿ ನೆತ್ತಿಯನ್ನು ಮುಟ್ಟಿಯೇ ಇರಲಿಲ್ಲ.

ನಟ್ಟು ಬಿಗಿಯುವ ಪಾನಾ ಅವನ ಸೊಂಟದಲ್ಲೇ ಇತ್ತು. ಆದರೆ ದಂಡೆಯ ಮೇಲೆ ಸಾಹೇಬರು, ಅವರ ಹಿಂದೆ ಅರ್ಧ ಯಾದಗಿರಿ. ಬಿಗಿದರೆ ವಿಲಾಯತಿಯ ಹಡಗು ಎಲ್ಲರೆದುರು ಭೀಮೆಯಲ್ಲೇ ಮುಳುಗುತ್ತದೆ; ಬಿಗಿಯದೆ ಸುಮ್ಮನಿದ್ದರೆ ಗಂಟು ವಡಗೇರಾಕ್ಕೆ ಮರಳುತ್ತದೆ. ಅಷ್ಟರಲ್ಲಿ ಆಚೆ ಮರಿಲಿಂಗಪ್ಪ ಬೆನ್ನು ತಿರುಗಿಸಿದ.

ಖಂಡಪ್ಪ ಪಾನಾ ಹಾಕಿದ. ಅರ್ಧ ಸುತ್ತು. ಹಗ್ಗ ಎಳೆದ ಕೂಡಲೇ ಮೋಟಾರು ತುಪ್ಪ ಕುಡಿದಂತೆ ನುಣ್ಣಗೆ ಹೊರಟಿತು.

“ಕ್ಯೂಂ ಖಂಡಪ್ಪ, ಹಡಗ ಬಂತೇನು?” ಸಾಹೇಬರು ಕೂಗಿದರು. ದಂಡೆಯ ಮಂದಿ ನಕ್ಕ ನಗೆಗೆ ಸುರಪುರದ ಪಾರಿವಾಳಗಳೆಲ್ಲ ಹಾರಿಹೋದವು.

ಆಚೆ ದಡ ಮುಟ್ಟಿದಾಗ ಮಾವ ಕೇಳಿದ: “ಏನಾಗಿತ್ತು ಅದಕ?”

ಬೆನ್ನೆಲುಬು, ಹಡಗು, ಸಿಡಿಯುವುದು ಎಲ್ಲವೂ ಖಂಡಪ್ಪನ ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತವು. ಅವನು ಗಂಟನ್ನು ನೋಡಿದ. “ಒಂದು ನಟ್ ಸಡ್ಲಿತ್ರಿ ಮಾವಾ. ಅರ್ಧ ಸುತ್ತು ಬಿಗದೆ.”

“ನೋಡವ್ವ! ಊರಿಗೂರೇ ಕೈ ಚೆಲ್ಲಿ ಕುಂತಿದ್ದ ಮೋಟಾರು ಅರ್ಧ ಸುತ್ತಿಗೆ ನೆಟ್ಟಗಾತಂತ! ಇನ್ನೂ ಬಡಾಯಿ ಬಿಟ್ಟಿಲ್ಲ ಇವ. ನಡಿ ಮನಿಗಿ.”

ಮಲ್ಲಿಕಮ್ಮ ಗಂಟನ್ನು ದೋಣಿಯೊಳಗೆ ಎಸೆದಳು. “ಇದು ಖರೇನ ಅದ ಯಪ್ಪಾ. ಸುಳ್ಳಾಗಿದ್ರ ಇಷ್ಟು ಸಣ್ಣದು ಹೇಳಂಗಿಲ್ಲ ಇವ್ರು.”