ಮೂರೂವರೆಗೆ ಮುಗಿಯುವ ಕೆಲಸ

ಆಳೆತ್ತರದ ಸೇವಂತಿಗೆ ಹೂಚಕ್ರಕ್ಕೆ ಸಿಕ್ಕಿಸಿದ್ದ ರೇಷ್ಮೆಪಟ್ಟಿಯನ್ನು ಹೇರಾನ್ ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಪಿನ್ನೊಂದು ಸಿಡಿದು ನೆಲಕ್ಕೆ ಬಿತ್ತು, ಚಕ್ರ ಗೋಡೆಗೆ ವಾಲಿತು. ಪಟ್ಟಿಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದಿತ್ತು: 'ಬೆಟ್ಟದ ಹೂವು ಬೆಟ್ಟದ ಮಡಿಲಿಗೆ ಮರಳಿತು. ಬಿಳಿಬಂಡೆ ಆರೋಹಿಗಳ ಸಂಘ.'

"ಏನಮ್ಮಾ ಇದು? ಬಂದೋರು ನೋಡ್ತಾರೆ," ಎಂದು ತಾಕ್ ಇನ್‌ಗ್ಯು ಓಡಿಬಂದ. ಸತ್ತ ಯೊನ್‌ಸುಕ್‌ಳ ಅಣ್ಣ ಆತ, ಹೇರಾನ್ ಅವಳ ಗೆಳತಿ. ಕಪ್ಪು ಕೋಟಿನ ತೋಳಿಗೆ ಸೂತಕದ ಪಟ್ಟಿ ಕಟ್ಟಿಕೊಂಡಿದ್ದ.

"ನೋಡ್ಲಿ."

"ಹೋದ ಜೀವಕ್ಕೆ ಒಂದಿಷ್ಟು ಮರ್ಯಾದೆ ಬೇಡ್ವಾ?"

"ಅದಕ್ಕೇ ಕಿತ್ತಿದ್ದು. ಈ ಹೂವು ಕಳಿಸಿದ ಗಂಡಸರು ಇಪ್ಪತ್ತೆಂಟು ವರ್ಷ ನಿಮ್ಮ ತಂಗೀನ ಏನಂತ ಕರೀತಿದ್ರು ಗೊತ್ತಾ? ಕಟ್ಲೆಟ್ ಅಂತ."

ಇನ್‌ಗ್ಯು ಸುತ್ತ ಕಣ್ಣಾಡಿಸಿ ದನಿ ತಗ್ಗಿಸಿದ. "ಆ ಮಾತು ಇಲ್ಲಿ ಬೇಡ."

ತಂಗಿಯನ್ನು ಹಂಗಿಸಿದ್ದಕ್ಕೆ ಆತ ನೊಂದದ್ದಲ್ಲ, ಕಟ್ಲೆಟ್ ಎಂಬ ಮಾತಿಗೆ ಅಂಜಿದ್ದು ಎಂದು ಹೇರಾನ್‌ಗೆ ತಿಳಿಯಿತು. ನಿನ್ನೆ ಇಡೀ ದಿನ ಬಂದವರಿಗೆಲ್ಲ ಆತ ಹೇಳಿದ್ದು ಒಂದೇ: ನನ್ನ ತಂಗಿ ಶಿಕ್ಷಣ ಇಲಾಖೆಯಲ್ಲಿದ್ದಳು. ಇಟ್ಟ ಪಟದಲ್ಲೂ ಅಡುಗೆಮನೆಯ ಸುಳಿವಿರಲಿಲ್ಲ. ಐವತ್ತೊಂಬತ್ತಕ್ಕೆ ಸತ್ತ ಹೆಂಗಸಿನ ಶವಪೆಟ್ಟಿಗೆಯ ಮುಂದೆ, ಬ್ಯಾಂಕಿನ ಸಮವಸ್ತ್ರ ತೊಟ್ಟ ಇಪ್ಪತ್ತೆಂಟರ ಹುಡುಗಿ ನಗುತ್ತಿದ್ದಳು. ಆಮೇಲಿನ ಒಂದು ಫೋಟೋವೂ ಅಣ್ಣನ ಮನೆಯಲ್ಲಿರಲಿಲ್ಲ.

ಇಂದು ಸಾವಿನ ಮೂರನೆಯ ದಿನ. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ಚಿತಾಗಾರಕ್ಕೆ ಹೊರಡಬೇಕು. ಆಸ್ಪತ್ರೆಯ ನೆಲಮಾಳಿಗೆಯ ಅಂತಿಮದರ್ಶನದ ಕೋಣೆಯಲ್ಲಿ ಊದುಬತ್ತಿ, ಚೆಲ್ಲಿದ ಸೋಜು ಮದ್ಯ, ಮೂರು ದಿನದಿಂದ ಕುದಿಯುತ್ತಲೇ ಇದ್ದ ದನದ ಮಾಂಸದ ಸಾರು, ಎಲ್ಲ ಬೆರೆತು ಗಂಟಲಿಗೆ ಅಂಟುವಂಥ ವಾಸನೆಯಾಗಿತ್ತು. ಊಟದ ಮೇಜುಗಳ ಸಂದಿಯಲ್ಲಿ ಸಂಘದ ಗಂಡಸರು ಏಳೆಂಟು ಮಂದಿ ಬಾಯಿ ತೆರೆದು ಮಲಗಿದ್ದರು. ಒಬ್ಬನ ದುಬಾರಿ ಜಾಕೀಟಿನ ಮೇಲೆ ಸಾರಿನ ಕೆಂಪು ಎಣ್ಣೆ ಹೆಪ್ಪುಗಟ್ಟಿತ್ತು. ಹೇರಾನ್ ಪಟ್ಟಿಯನ್ನು ಮುದ್ದೆ ಮಾಡಿ ಎಂಜಲ ತಟ್ಟೆಗಳ ತೊಟ್ಟಿಗೆ ಎಸೆದಳು.

*

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಬೆಟ್ಟದ ಬುಡದಲ್ಲಿ ಹೇರಾನ್ ಆರೋಹಿಗಳ ಬೂಟಿಗೆ ಹೊಸ ಅಟ್ಟೆ ಹಾಕುವ ಅಂಗಡಿ ತೆರೆದು ಆಗ ನಾಲ್ಕು ತಿಂಗಳಾಗಿತ್ತು. ಒಂದು ಸಂಜೆ ಯೊನ್‌ಸುಕ್ ಬ್ಯಾಂಕಿನ ಸಮವಸ್ತ್ರದಲ್ಲೇ ಬಂದು, ಬೂಟುಗಳನ್ನು ಪಕ್ಕಕ್ಕೆ ತಳ್ಳಿ ಕೂತಳು.

"ಬಿಟ್ಟುಬಿಟ್ಟೆ ಕಣೇ."

"ಏನನ್ನ?"

"ಬ್ಯಾಂಕನ್ನ. ಸೋಮವಾರದಿಂದ ಶಾಲೆ ಅಡುಗೆಮನೆಗೆ ಹೋಗ್ತೀನಿ."

ಅಂಟಿನ ಕುಂಚ ಹಿಡಿದಿದ್ದ ಹೇರಾನ್‌ಳ ಕೈ ಹಾಗೇ ನಿಂತಿತು. "ತಲೆ ಕೆಟ್ಟಿದೆಯಾ ಅಕ್ಕಾ? ಗಾಜಿನ ಕಿಟಕಿ ಹಿಂದೆ ಕೂತು ನಮಸ್ಕಾರ ಹೊಡೆಸ್ಕೊಳ್ತಿದ್ದೋಳು, ಅಲ್ಲಿ ಮೂಲಂಗಿ ಹೆಚ್ತೀಯಾ?"

"ಕೇಳಿಲ್ಲಿ. ಬ್ಯಾಂಕಿಂದ ಹೊರಗೆ ಬೀಳೋದು ರಾತ್ರಿ ಒಂಬತ್ತಕ್ಕೆ. ಶನಿವಾರನೂ ಬಿಡಲ್ಲ. ಹೋದ ವರ್ಷ ನಾನು ಬಂಡೆ ಮುಟ್ಟಿದ್ದು ಇಪ್ಪತ್ತಾರು ದಿನ. ಅಡುಗೆಮನೆ ಮೂರೂವರೆಗೆ ಮುಗೀತದೆ. ಬೇಸಿಗೆ ರಜ, ಚಳಿಗಾಲದ ರಜ ಬೇರೆ. ಶಾಲೆ ಹಿಂಬಾಗಿಲಿಂದ ಬಂಡೆ ಬುಡಕ್ಕೆ ಐವತ್ತು ನಿಮಿಷ. ನಡೆದು ನೋಡ್ಕೊಂಡೇ ಬಂದಿದೀನಿ."

"ಅಣ್ಣನಿಗೆ ಹೇಳಿದ್ಯಾ?"

"ಹೇಳ್ದೆ. ಹೆಣ್ಣು ನೋಡೋಕೆ ಬಂದೋರಿಗೆ ಏನು ತೋರಿಸ್ಲಿ ಅಂದ. ಬಂಡೆ ತೋರಿಸಿ ಕಳಿಸು ಅಂದೆ."

ಅಂದುಕೊಂಡಂತೆಯೇ ಬದುಕಿದಳು. ಸಂಜೆ ನಾಲ್ಕಕ್ಕೆ, ತೊಳೆದ ಕೂದಲು ಆರುವ ಮೊದಲೇ, ಹಗ್ಗ ಹೆಗಲಿಗೇರಿಸಿ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಹೇರಾನ್ ಬಾಗಿಲೆಳೆದು ಹೊರಡುತ್ತಿದ್ದಳು. ಆ ಹೊತ್ತಿಗೆ ಇನ್ಸುಬೊಂಗ್ ಬಂಡೆ ಇಡೀ ದಿನದ ಬಿಸಿಲು ಕುಡಿದು ಬೆಚ್ಚಗಿರುತ್ತಿತ್ತು, ಮೇಲೆ ಬೇರೆ ಯಾರೂ ಇರುತ್ತಿರಲಿಲ್ಲ. ಮಕ್ಕಳಿಗೆ ಕಟ್ಲೆಟ್ ಕರಿದ ದಿನ ಮಾತ್ರ ಎಷ್ಟು ತೊಳೆದರೂ ಯೊನ್‌ಸುಕ್‌ಳ ಕೂದಲಿನ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಅವಳು ಮೇಲೆ, ಹಗ್ಗ ಹಿಡಿದ ಹೇರಾನ್ ಕೆಳಗೆ. ಗಾಳಿ ಬೀಸಿದರೆ ಬಂಡೆಯೇ ಕರಿದಂತೆ ನಾರುತ್ತಿತ್ತು.

ಭಾನುವಾರ ಸಂಘದವರು ಸಿಕ್ಕರೆ ಅಧ್ಯಕ್ಷ ಪ್ಯೋ ಕೆಳಗಿನಿಂದ ಕೂಗುತ್ತಿದ್ದ, "ಎಣ್ಣೆ ಕೈ ಜಾರಲ್ವಾ, ಕಟ್ಲೆಟ್?"

"ಜಾರೋದು ನಿಮ್ಮ ಕೈ. ಬಿದ್ರೆ ಹೇಳಿ, ಹಿಟ್ಟು ಹಚ್ಚಿ ಕರೀತೀನಿ," ಎನ್ನುತ್ತಿದ್ದಳು ಯೊನ್‌ಸುಕ್. ಹಂಡೆಯಲ್ಲಿ ಸೌಟು ತಿರುವಿ ಹುರಿಗಟ್ಟಿದ ಅವಳ ತೋಳು, ಗಂಡಸರು ಕೈಬಿಟ್ಟ ಬಿರುಕಿನಲ್ಲಿ ಸಲೀಸಾಗಿ ನಿಲ್ಲುತ್ತಿತ್ತು. ಸಂಘದ ಸದಸ್ಯರ ಪಟ್ಟಿಯಲ್ಲಿ ಮಾತ್ರ ಅವಳ ಹೆಸರು ಕೊನೆಯವರೆಗೂ ಸೇರಲಿಲ್ಲ.

*

ಎಂಟಕ್ಕೆ ಕಾಲು ಗಂಟೆ ಇರುವಾಗ ಅಲ್ಲಿನ ಸಿಬ್ಬಂದಿ ಬಂದು, ಪೆಟ್ಟಿಗೆ ಹೊರಲು ಆರು ಜನ ಬೇಕು ಎಂದ. ಇನ್‌ಗ್ಯು ಅಧ್ಯಕ್ಷ ಪ್ಯೋನ ಭುಜ ಅಲುಗಿಸಿದ. ಪ್ಯೋ ಎದ್ದ, ಗೋಡೆ ಹಿಡಿದ, ಬಾಯಿಗೆ ಕೈ ಅಡ್ಡ ಹಿಡಿದು ಶೌಚಾಲಯಕ್ಕೆ ಓಡಿದ. ಅವನು ಕಕ್ಕುವ ಸದ್ದು ಪಟದವರೆಗೂ ಕೇಳಿಸಿತು. ಉಳಿದವರು ಯಾರದೋ ಶೂಗಳಲ್ಲಿ ತಮ್ಮ ಕಾಲು ತೂರಿಸುತ್ತ ಕುಳಿತಲ್ಲೇ ತೂಗಾಡಿದರು.

ಅಷ್ಟರಲ್ಲಿ ಐದು ಹೆಂಗಸರು ಒಳಗೆ ಬಂದರು. ಶಾಲೆಯ ಅಡುಗೆಮನೆಯವರು. ಮುಂದಿದ್ದ ಬೊಕ್‌ಸಿಮ್ ಅಲ್ಲಿನ ಹಿರಿಯ ಅಡುಗೆಯವಳು, ಗಿಡ್ಡಗೆ ಗಟ್ಟಿಯಾಗಿದ್ದ ಹೆಂಗಸು. ಪಟಕ್ಕೆ ಬಗ್ಗಿ ನಮಸ್ಕರಿಸಿ, ತಲೆಯೆತ್ತಿ, "ಇದ್ಯಾರು?" ಎಂದಳು. ಅವಳು ಸಿಬ್ಬಂದಿಯ ಕೈಯಿಂದ ಬಿಳಿ ಗವಸುಗಳ ಕಟ್ಟು ಇಸಿದುಕೊಂಡಳು.

"ಹೆಂಗಸರು ಹೊರೋ ಪದ್ಧತಿ ನಮ್ಮಲ್ಲಿಲ್ಲ," ಎಂದ ಇನ್‌ಗ್ಯು.

"ನಿಮ್ಮ ಗಂಡಸರು ಅಲ್ಲಿ ಕಕ್ತಾ ಇದಾರೆ. ದಿನಾ ಐನೂರು ಮಕ್ಕಳ ಅನ್ನ ಎತ್ತೋ ಕೈ ಇವು, ಬೀಳಿಸಲ್ಲ. ಹೇರಾನ್ ಅವ್ರೇ, ನೀವೂ ಸೇರಿದ್ರೆ ಆರಾಯ್ತು."

ಗವಸು ಮೊಣಕೈವರೆಗೆ ಬರುವಂಥದಲ್ಲ. ಮಣಿಕಟ್ಟಿನ ಮೇಲೆ ಎಣ್ಣೆ ಸಿಡಿದ ಹಳೆ ಕಲೆಗಳು ಐವರಿಗೂ ಒಂದೇ ತೆರನಾಗಿ ಕಾಣುತ್ತಿದ್ದವು. "ಒಂದು, ಎರಡು, ಎತ್ತು," ಎಂದಳು ಬೊಕ್‌ಸಿಮ್, ಹಂಡೆ ಇಳಿಸುವಾಗಿನ ಅದೇ ದನಿಯಲ್ಲಿ. ಎಲ್ಲರೂ ಬಲ ಹಾಕಿದ್ದು ಹೆಚ್ಚಾಗಿ ಪೆಟ್ಟಿಗೆ ಜಿಗಿದಂತೆ ಮೇಲೆ ಬಂತು.

"ಇಷ್ಟೇನಾ?" ಎಂದಳು ಹಿಂದಿದ್ದವಳು. ಹೊರಗೆ ನಿಂತಿದ್ದ ಶವದ ಬಸ್ಸಿನವರೆಗೆ ಆರೂ ಜನ ಹೆಜ್ಜೆ ಹೊಂದಿಸಿ ಹೊತ್ತರು.

ಬಸ್ಸಿನಲ್ಲಿ ಬೊಕ್‌ಸಿಮ್ ಹೇರಾನ್‌ಳ ಪಕ್ಕದಲ್ಲೇ ಕೂತು ಚೀಲದಿಂದ ಒಂದು ಖಾಲಿ ಹಾಳೆ ತೆಗೆದಳು.

"ಸಾಯೋಕೆ ಮುಂಚೆ ಅವಳೇ ಕಾರ್ಮಿಕರ ಕಚೇರಿಗೆ ಪರಿಹಾರದ ಅರ್ಜಿ ಹಾಕಿದ್ಲು. ಅಡುಗೆಮನೆ ಹೊಗೆಯಿಂದ ಶ್ವಾಸಕೋಶಕ್ಕೆ ಬಂದ ಕ್ಯಾನ್ಸರ್ ಅಂತ. ಶಾಲೆಯವರು ಏನು ಉತ್ತರ ಬರೆದಿದಾರೆ ಗೊತ್ತಾ? ಆಕೆ ಚಳಿಗಾಳೀಲಿ ಬಂಡೆ ಹತ್ತೋಳು, ಕಲ್ಲಿನ ಧೂಳು ಕುಡಿಯೋಳು, ಬೆಟ್ಟದಲ್ಲಿ ಬೆಂಕಿ ಹಾಕ್ಕೊಂಡು ಮಲಗೋಳು, ಅದರಿಂದ ಬಂತು ಅಂತ. ಅಣ್ಣನೂ ಹೌದು ಅಂದುಬಿಟ್ಟಿದಾನೆ. ಬೆಟ್ಟ ಕೊಂದ್ರೆ ಅವನಿಗೆ ಗೌರವ, ಬಾಣಲೆ ಕೊಂದ್ರೆ ಅವಮಾನ."

"ಥೂ," ಎಂದಳು ಹೇರಾನ್.

"ನಾವು ಏನು ಹೇಳಿದ್ರೂ ಅಡುಗೆಮನೆಯವರು ಒಂದಾಗಿದಾರೆ ಅಂತಾರೆ. ಬೆಟ್ಟದಲ್ಲಿ ಅವಳ ಜೊತೆ ಇದ್ದೋರು ನೀವೊಬ್ರೇ. ಕೆಮ್ಮು ಯಾವಾಗ ಶುರುವಾಯ್ತು, ಅವಳು ಏನು ಹೇಳ್ತಿದ್ಲು, ಇದ್ದದ್ದು ಇದ್ದ ಹಾಗೆ ಬರೆದುಕೊಡಿ."

ಹೇರಾನ್ ಹಾಳೆ ತೆಗೆದುಕೊಂಡಳು. ಕೈಯ ಗವಸು ಕಳಚುವುದು ಅವಳಿಗೆ ನೆನಪಾಗಲಿಲ್ಲ.

*

ಎರಡು ವರ್ಷದ ಹಿಂದಿನ ಶರತ್ಕಾಲ. ಬಂಡೆಯ ಅರ್ಧದಲ್ಲಿ, ಇಬ್ಬರು ಮಾತ್ರ ಕೂರಬಹುದಾದ ಅಂಚಿನಲ್ಲಿ ಯೊನ್‌ಸುಕ್ ಕೆಮ್ಮುತ್ತಿದ್ದಳು. ಎಷ್ಟು ಹೊತ್ತು ಕೆಮ್ಮಿದಳೆಂದರೆ ಇಬ್ಬರ ನಡುವಿನ ಹಗ್ಗ ನಡುಗುತ್ತಿತ್ತು.

"ಹೊಗೆ ಎಳೆಯೋ ಫ್ಯಾನು ಕೆಟ್ಟು ಮೂರು ವರ್ಷ ಆಯ್ತು," ಎಂದಳು ಉಸಿರು ಹಿಡಿದು. "ಕರಿಯೋ ದಿನ ಎದುರು ನಿಂತೋಳ ಮುಖ ಕಾಣಲ್ಲ. ರಜದಲ್ಲಿ ಕೆಮ್ಮು ಹೋಗುತ್ತೆ, ಶಾಲೆ ಶುರುವಾದ್ರೆ ಮತ್ತೆ ಬರುತ್ತೆ. ಎಣ್ಣೆ ವಾಸನೆಗೆ ನನ್ನ ಮೇಲೆ ನನಗೇ ಹೇಸಿಗೆ. ಬಿಟ್ಟುಬಿಡೋಣ ಅನ್ಕೊಂಡಿದೀನಿ."

"ಬಿಟ್ಟು?"

"ಎಲ್ಲಾದ್ರೂ ಅಂಗಡೀಲಿ ನಿಲ್ತೀನಿ."

"ರಾತ್ರಿ ಹತ್ತರ ತನಕ ನಿಲ್ತೀಯಾ? ಮೂರೂವರೆಗೆ ಬಿಡೋ ಕೆಲಸ ಇನ್ನೆಲ್ಲಿ ಸಿಗುತ್ತೆ ನಿನಗೆ?" ಹೇರಾನ್‌ಗೆ ಆಗ ತನ್ನ ಸಂಜೆಗಳು ಕಣ್ಣಮುಂದೆ ಬಂದಿದ್ದವು. ಹಗ್ಗದ ಇನ್ನೊಂದು ತುದಿ ಹಿಡಿಯುವವರಿಲ್ಲದ ಖಾಲಿ ಸಂಜೆಗಳು. "ನಿವೃತ್ತಿಗೆ ಮೂರೇ ವರ್ಷ ಅಲ್ವಾ? ತಡ್ಕೋ."

"ಡಾಕ್ಟರಿಗಾದ್ರೂ ತೋರಿಸ್ಬೇಕು," ಎಂದಳು ಯೊನ್‌ಸುಕ್.

"ತೋರಿಸಿದ್ರೆ ಹತ್ಬೇಡ ಅಂತಾರೆ. ಮೊದಲು ಹಿಮ ಬೀಳ್ಲಿ, ಬಂಡೆ ಮುಚ್ಚಲಿ. ಆಮೇಲೆ ಹೋಗು."

ಯೊನ್‌ಸುಕ್ ಅವಳ ಮುಖವನ್ನೇ ನೋಡಿದಳು. "ಹೌದು, ಮೂರೇ ವರ್ಷ," ಎಂದು ಎದ್ದು, ಗಂಟು ಬಿಗಿಮಾಡಿಕೊಂಡಳು. ಆ ದಿನ ಇಬ್ಬರೂ ತುದಿ ಮುಟ್ಟಿದರು. ನಗರದ ದೀಪಗಳು ಹತ್ತುವುದನ್ನು ನೋಡುತ್ತ ಹೇರಾನ್ ಹಾಡು ಗುನುಗಿದ್ದಳು.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಗೋಡೆಯ ಪರದೆಯ ಮೇಲೆ ಹೆಸರುಗಳ ಸಾಲು. ಯೊನ್‌ಸುಕ್‌ಳ ಹೆಸರಿನ ಮುಂದೆ 'ದಹನ ನಡೆಯುತ್ತಿದೆ' ಎಂದಿತ್ತು. ಹೇರಾನ್ ಮೂಲೆಯ ಮೇಜಿನಲ್ಲಿ ಹಾಳೆ ಹರಡಿ ಬರೆಯುತ್ತಿದ್ದಳು. ಅಡುಗೆಯವರು ಐವರೂ ಗೋಡೆಗೊರಗಿಸಿದ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು, ಅದೇ ಸಾಲಿನ ತುದಿಗೆ ಇನ್‌ಗ್ಯು.

ಮುಖ ತೊಳೆದು ಗೆಲುವಾಗಿದ್ದ ಪ್ಯೋ ಕೋಣೆಯ ನಡುವೆ ನಿಂತು ಕೈ ಜೋಡಿಸಿದ. "ದುಃಖ ಪಡಬಾರದು. ಆಕೆ ತನಗೆ ಇಷ್ಟವಾದದ್ದನ್ನ ಮಾಡ್ತಾ ಮಾಡ್ತಾನೇ ಹೋದ್ಲು. ಎಷ್ಟು ಜನಕ್ಕೆ ಸಿಗುತ್ತೆ ಇಂಥ ಭಾಗ್ಯ?"

"ಇಷ್ಟವಾದದ್ದು ಬಂಡೆ," ಎಂದಳು ಹೇರಾನ್, ತಲೆಯೆತ್ತದೆ. "ಮಾಡಿದ್ದು ಕಟ್ಲೆಟ್. ಕೂತ್ಕೊಳ್ರೀ, ಬಾಯಿ ನಾರ್ತಿದೆ."

ಪ್ಯೋ ಕೂತ. ಇನ್‌ಗ್ಯು ಎದ್ದು ಬಂದು ಮೇಜಿನ ಮೇಲೆ ಬಗ್ಗಿದ. "ಏನದು ಬರೀತಿರೋದು? ಮನೆತನದ ವಿಷಯ. ಪೇಪರಿನಲ್ಲಿ ಬಂದ್ರೆ ನನ್ನ ಮಕ್ಕಳು ತಲೆಯೆತ್ತಿ ಓಡಾಡೋ ಹಾಗಿಲ್ಲ."

"ನಿಮ್ಮ ಮನೆತನದ್ದಲ್ಲ. ನಾನು ಮಾಡಿದ್ದು."

ಆತನಿಗೆ ಅರ್ಥವಾಗಲಿಲ್ಲ, ಹೋಗಿ ಮತ್ತೆ ಕೂತ. ಬರೆದು ಮುಗಿಸಿ ಹೇರಾನ್ ಹಾಳೆಯನ್ನು ಬೊಕ್‌ಸಿಮ್‌ಗೆ ಕೊಟ್ಟಳು. ಅವಳು ತುಟಿ ಅಲುಗಿಸುತ್ತ ನಿಧಾನ ಓದಿದಳು. ಕೆಳಗಿನ ನಾಲ್ಕು ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದೂ ಇರಬೇಕಾ? ನೀವು ತಡ್ಕೋ ಅಂದದ್ದು, ಡಾಕ್ಟರ ಹತ್ರ ಹೋಗ್ಬೇಡ ಅಂದದ್ದು?"

"ಅದನ್ನ ಬಿಟ್ರೆ ತಿಂಗಳು, ದಿನ ನನಗೆ ಹೇಗೆ ನೆನಪಿದೆ ಅಂತ ಕೇಳ್ತಾರೆ. ಇರ್ಲಿ."

ಬೊಕ್‌ಸಿಮ್ ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದೊಳಗೆ ಇಟ್ಟಳು. ಬಗ್ಗಿ, ಹೇರಾನ್‌ಗೆ ಮಾತ್ರ ಕೇಳುವಂತೆ, "ನಾನೂ ಅಂದಿದ್ದೆ, ತಡ್ಕೋ ಅಂತ. ಅವಳು ಹೋದ್ರೆ ಅವಳ ಪಾಲಿನ ಬಾಣಲೆ ನಮ್ಮ ಪಾಲಿಗೆ ಬರ್ತಿತ್ತಲ್ಲ," ಎಂದಳು.

ಅವಳು ತನ್ನ ಕುರ್ಚಿಗೆ ಮರಳಿದಳು. ಸಾಲಿನ ಇನ್ನೊಂದು ತುದಿಯಲ್ಲಿದ್ದ ಕಿರಿಯವಳು, ವಯಸ್ಸು ನಲವತ್ತು ದಾಟಿರಲಾರದು, ತೋಳಿಗೆ ಮುಖ ಒತ್ತಿ ಒಮ್ಮೆ ಕೆಮ್ಮಿದಳು. ತಡೆಯಲು ನೋಡಿ ಮತ್ತೆ ಕೆಮ್ಮಿದಳು. ಅವಳ ಬೆನ್ನು ಸವರಲು ಬಗ್ಗಿದ ಪಕ್ಕದವಳಿಗೂ ಶುರುವಾಯಿತು. ಆಮೇಲೆ ಮೂರನೆಯವಳಿಗೆ, ನಾಲ್ಕನೆಯವಳಿಗೆ. ಕೊನೆಗೆ ಬೊಕ್‌ಸಿಮ್ ಚೀಲವನ್ನು ಎದೆಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ಕೆಮ್ಮತೊಡಗಿದಳು. ಐದು ಕುರ್ಚಿಗಳೂ ಗೋಡೆಗೆ ಟಕಟಕ ಬಡಿಯುತ್ತಿದ್ದವು. ಇನ್‌ಗ್ಯು ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಎರಡು ಕುರ್ಚಿ ಬಿಟ್ಟು ಆಚೆ ಹೋಗಿ ಕೂತ.